ಕಾಯುವಿಕೆಯನ್ನು ಬಿಟ್ಟುಬಿಡುವ ಕಮಾಂಡೊ ಚಿತ್ರಗಳು

2008ರ ನವೆಂಬರ್ 28ರ ಬೆಳಿಗ್ಗೆ, ಮುಂಬಯಿಯ ಮೇಲೆ ಭಯೋತ್ಪಾದಕ ದಾಳಿ ನಡೆದಿದ್ದಾಗ, ದಾಳಿಕೋರರು ಹೊಕ್ಕಿದ್ದ ಕೊಲಾಬಾದ ಯಹೂದಿ ಕೇಂದ್ರ ನಾರಿಮನ್ ಹೌಸ್‌ನ ಮೇಲೆ ಹೆಲಿಕಾಪ್ಟರ್ ಬಂದು ನಿಂತು, ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ದಳ) ಕಮಾಂಡೊಗಳು ಹಗ್ಗ ಹಿಡಿದು ತಾರಸಿಗೆ ಇಳಿದದ್ದನ್ನು ಘಾಟ್‌ಕೋಪರ್‌ನ ನಮ್ಮ ಚಾಳಿನ ಐದಾರು ಮನೆಯವರು ಒಂದೇ ಟಿ.ವಿ.ಯ ಮುಂದೆ ಕುಳಿತು ನೋಡಿದೆವು. ಇಳಿಯುವ ಕೆಲಸ ಬೇಗನೆ ಮುಗಿಯಿತು. ಆಮೇಲೆ ಸಂಜೆ ಕಳೆಯುವವರೆಗೂ ಕಂಡದ್ದು ಒಡೆದ ಕಿಟಕಿಗಳು ಮತ್ತು ಹೊಗೆ, ಕೇಳಿಸಿದ್ದು ಆಗೊಮ್ಮೆ ಈಗೊಮ್ಮೆ ಗುಂಡಿನ ಸದ್ದು. ಇಷ್ಟು ಹೊತ್ತು ಏಕೆ ಎಂದು ಹುಡುಗನೊಬ್ಬ ಕೇಳಿದಾಗ, ಸೈನ್ಯದಿಂದ ನಿವೃತ್ತರಾಗಿದ್ದ ಬೆಳಗಾವಿ ಕಡೆಯ ಕಾಕಾ ಹೇಳಿದರು: “ಒಂದೊಂದ ಖೋಲಿ ನೋಡಕೋಂತ ಬರಬೇಕಲ್ಲೋ ತಮ್ಮಾ. ಬಾಗಲದ ಹಿಂದ ಸಣ್ಣ ಕೂಸ ಐತೋ, ಬಂದೂಕ ಐತೋ, ಯಾರಿಗೆ ಗೊತ್ತ?”

ಕಮಾಂಡೊಗಳ ಕುರಿತ ಯಾವುದೇ ಚಿತ್ರವನ್ನು ನೋಡುವಾಗ ನಾನು ಇಂದಿಗೂ ಆ ಮಾತಿನಿಂದಲೇ ಅದನ್ನು ಅಳೆಯುತ್ತೇನೆ.

ಹಿಂದಿ ಯುದ್ಧಚಿತ್ರಗಳಲ್ಲಿ ನೈಜತೆ ಮೊದಲು ಭೂದೃಶ್ಯದ ರೂಪದಲ್ಲಿ ಬಂತು. 1962ರ ಸೋಲನ್ನು ಕುರಿತ ಚೇತನ್ ಆನಂದ್ ಅವರ ‘ಹಕೀಕತ್’ (1964) ಲಡಾಖಿನಲ್ಲಿ ಚಿತ್ರಿತವಾಯಿತು; ಅದರ ಯೋಧರು ಸಾಮಾನ್ಯ ಪದಾತಿದಳದವರು. ವಿಶೇಷ ಪಡೆಗಳು ತೆರೆಗೆ ಬರಲು ಇನ್ನೂ ಬಹಳ ವರ್ಷಗಳು ಬೇಕಾದವು. ಎನ್‌ಎಸ್‌ಜಿ ಸ್ಥಾಪನೆಯಾದದ್ದೇ 1984ರಲ್ಲಿ.

ನಾನಾ ಪಾಟೇಕರ್ ನಿರ್ದೇಶಿಸಿದ ‘ಪ್ರಹಾರ್’ (1991) ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುತ್ತದೆ. ಬೆಳಗಾವಿಯ ಕಮಾಂಡೊ ತರಬೇತಿ ಕೇಂದ್ರದ ಬದುಕನ್ನು ತೋರಿಸಲು ಆ ಚಿತ್ರ ತನ್ನ ದೊಡ್ಡ ಪಾಲನ್ನು ಮೀಸಲಿಟ್ಟಿತು, ಅದಕ್ಕಾಗಿ ನಾನಾ ಅವರು ಸ್ವತಃ ಸೈನ್ಯದೊಂದಿಗೆ ಇದ್ದು ತರಬೇತಿ ಪಡೆದರು, ಮುಂದೆ ಭೂಸೇನೆಯ ಮುಖ್ಯಸ್ಥರಾದ ವಿ.ಕೆ. ಸಿಂಗ್ ಅವರೂ ಅದರಲ್ಲಿ ಕಾಣಿಸಿಕೊಂಡರು. ಕೆಸರು, ಹಗ್ಗ, ನಿದ್ದೆಗೆಟ್ಟ ಮುಖ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಮೇಜರ್ ಚವಾಣನ ಗಡಸು ದನಿ: ಪರಾಕ್ರಮ ಎನ್ನುವುದು ದಿನನಿತ್ಯದ ಅಭ್ಯಾಸದಿಂದ ಬರುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಅವನಲ್ಲಿ ತರಬೇತಿ ಪಡೆದು, ಕಾರ್ಯಾಚರಣೆಯಲ್ಲಿ ಕಾಲು ಕಳೆದುಕೊಂಡ ಪೀಟರ್ ಮುಂಬಯಿಯ ತನ್ನ ಬೀದಿಗೆ ಮರಳಿ, ಹಫ್ತಾ ವಸೂಲಿಯ ಗೂಂಡಾಗಳ ಕೈಯಲ್ಲಿ ಸಾಯುತ್ತಾನೆ. ಅಲ್ಲಿಂದ ಮುಂದಿನ ಕಥೆ ಸೇಡಿನ ಹಾದಿ ಹಿಡಿದು ತನ್ನ ನಿಷ್ಠುರತೆಯನ್ನು ಕಳೆದುಕೊಳ್ಳುತ್ತದೆಂದು ನನಗನ್ನಿಸುತ್ತದೆ. ಆದರೂ ಮೊದಲರ್ಧಕ್ಕೆ ಸಾಟಿಯಾದದ್ದು ಹಿಂದಿಯಲ್ಲಿ ಮತ್ತೆ ಬಂದಿಲ್ಲ.

ಹಾಲಿವುಡ್ಡಿನಲ್ಲಿಯೂ ತರಬೇತಿಯೇ ನೈಜತೆಯ ದಾರಿಯಾಯಿತು. ‘ಪ್ಲಟೂನ್’ (1986) ಚಿತ್ರಕ್ಕಾಗಿ ನಿವೃತ್ತ ಮೆರೈನ್ ಅಧಿಕಾರಿ ಡೇಲ್ ಡೈ ನಟರನ್ನು ಫಿಲಿಪ್ಪೀನ್ಸಿನ ಕಾಡಿನಲ್ಲಿ ಎರಡು ವಾರ ಇರಿಸಿದರು. 1993ರ ಮೊಗದಿಶು ಕಾಳಗವನ್ನು ಕುರಿತ ‘ಬ್ಲ್ಯಾಕ್ ಹಾಕ್ ಡೌನ್’ (2001) ಚಿತ್ರಕ್ಕೆ ಅಮೆರಿಕದ ಸೈನ್ಯ ಹೆಲಿಕಾಪ್ಟರ್‌ಗಳನ್ನೂ ರೇಂಜರ್ ಯೋಧರನ್ನೂ ಒದಗಿಸಿತು. ಹಗ್ಗ ಹಿಡಿದು ಇಳಿಯುವ ದೃಶ್ಯ ಅಷ್ಟು ಕರಾರುವಾಕ್ಕಾಗಿ ಮೂಡಿದ್ದು ಅದರಿಂದ. ಅದೇ ಚಿತ್ರದಲ್ಲಿ ಸೊಮಾಲಿಯಾದ ಜನ ಮುಖವಿಲ್ಲದ ಗುಂಪಾಗಿ ಉಳಿದರು. ಸೈನ್ಯದ ಸಹಕಾರ ಸಿಕ್ಕಾಗ ಬಂದೂಕು ಹಿಡಿಯುವ ರೀತಿ ಸರಿಹೋಗುತ್ತದೆ, ಬಂದೂಕಿನ ಎದುರಿಗಿರುವವರನ್ನು ನೋಡುವ ದೃಷ್ಟಿ ಮಾತ್ರ ಸಹಕಾರ ಕೊಟ್ಟವರದೇ ಆಗಿಬಿಡುತ್ತದೆ.

‘ಉರಿ’ (2019) ಬರುವ ಹೊತ್ತಿಗೆ ನಮ್ಮಲ್ಲಿ ನೈಜತೆಯೆಂದರೆ ಸಲಕರಣೆ ಎಂದಾಗಿತ್ತು. ತಿಂಗಳುಗಟ್ಟಲೆ ತರಬೇತಿ ಪಡೆದ ನಟರು, ರಾತ್ರಿದೃಷ್ಟಿಯ ಕನ್ನಡಕ, ಕೈಸನ್ನೆ, ಕಾಶ್ಮೀರದ ಬದಲಿಗೆ ಸರ್ಬಿಯಾದ ಬೆಟ್ಟಗಳು ಎಲ್ಲವೂ ಕಣ್ಣನ್ನು ಒಪ್ಪಿಸುತ್ತವೆ. ಚಿತ್ರದ ವಸ್ತುವಾದ, 2016ರ ಸೆಪ್ಟೆಂಬರ್ 28ರ ರಾತ್ರಿ ಗಡಿ ನಿಯಂತ್ರಣ ರೇಖೆಯಾಚೆ ನಡೆದ ‘ಸರ್ಜಿಕಲ್ ಸ್ಟ್ರೈಕ್’ನ ಗೌಪ್ಯ ವಿವರಗಳ ಜಾಗವನ್ನು ತುಂಬಲು ಹದ್ದಿನ ಆಕಾರದ ಡ್ರೋನು, ನಾಯಕನ ವೈಯಕ್ತಿಕ ಸೇಡು ಬರುತ್ತವೆ. ಚಿತ್ರ ಬಂದ ಮರುವರ್ಷ, 2020ರಲ್ಲಿ, ರಕ್ಷಣಾ ಸಚಿವಾಲಯವು ಸೈನ್ಯದ ವಸ್ತುವುಳ್ಳ ಚಿತ್ರಗಳಿಗೆ ಮೊದಲೇ ನಿರಾಕ್ಷೇಪಣಾ ಪತ್ರ ಪಡೆಯಬೇಕೆಂದು ಸೆನ್ಸಾರ್ ಮಂಡಳಿಗೆ ಬರೆಯಿತು. ಸಮವಸ್ತ್ರದ ತಪ್ಪುಗಳು ಇದರಿಂದ ಕಡಿಮೆಯಾಗಬಹುದು, ಕಾರ್ಯಾಚರಣೆಯ ತಪ್ಪುಗಳನ್ನು ತೋರಿಸುವ ಧೈರ್ಯವೂ ಕಡಿಮೆಯಾಗಬಹುದೆಂಬುದು ನನ್ನ ಆತಂಕ.

ಈ ಪ್ರಶ್ನೆ ಮುಂಬಯಿಗರಿಗೆ ಬೇರೆಯದೇ ತೂಕದ್ದು. ನಾವು ಅಂದು ನೋಡುತ್ತಿದ್ದ ನೇರ ಪ್ರಸಾರವನ್ನು ಕರಾಚಿಯಲ್ಲಿ ಕುಳಿತು ದಾಳಿ ನಡೆಸುತ್ತಿದ್ದವರೂ ನೋಡುತ್ತಿದ್ದರು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಸಾರವನ್ನು ಕಟುವಾಗಿ ಟೀಕಿಸಿತು, 2015ರಲ್ಲಿ ಕೇಬಲ್ ಟಿ.ವಿ. ನಿಯಮಗಳನ್ನು ತಿದ್ದಿ ಭಯೋತ್ಪಾದನೆ ನಿಗ್ರಹ ಕಾರ್ಯಾಚರಣೆಗಳ ನೇರ ಪ್ರಸಾರವನ್ನು ನಿಷೇಧಿಸಲಾಯಿತು. ಅದು ನ್ಯಾಯವೇ. ಆದರೆ ಇನ್ನು ಮುಂದೆ ಕಮಾಂಡೊಗಳ ಕೆಲಸ ಹೇಗಿರುತ್ತದೆ ಎಂಬುದನ್ನು ಜನ ತಿಳಿಯುವುದು ಬಹುಮಟ್ಟಿಗೆ ಸಿನಿಮಾದಿಂದಲೇ.

ತಾಜ್ ಹೋಟೆಲಿನಲ್ಲಿ ಗಾಯಗೊಂಡ ಸಂಗಾತಿಯನ್ನು ಹೊರಗೆ ಸಾಗಿಸುವ ವ್ಯವಸ್ಥೆ ಮಾಡಿ, ತಾವು ಭಯೋತ್ಪಾದಕರ ಬೆನ್ನುಹತ್ತಿ ಹೋಗಿ ಮಡಿದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಕುರಿತು ‘ಮೇಜರ್’ (2022) ಬಂತು. ಅವರ ಬಾಲ್ಯ, ಪ್ರೀತಿ, ಮನೆಯವರ ದುಃಖವನ್ನು ಅದು ಹತ್ತಿರದಿಂದ ಕಂಡಿತು. ಹಾಗಿದ್ದೂ ಅಂದು ನಾರಿಮನ್ ಹೌಸ್‌ನ ತಾರಸಿಗಿಳಿದು ಹುತಾತ್ಮರಾದ ಹವಾಲ್ದಾರ್ ಗಜೇಂದರ್ ಸಿಂಗ್ ಬಿಷ್ಟ್ ಅವರ ಹೆಸರು ನಮ್ಮ ಚಾಳಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಇಬ್ಬರಿಗೂ ಅಶೋಕ ಚಕ್ರ ಸಂದಿದೆ.

ಮುಂಬಯಿಯಲ್ಲಿ ಆಗ ಎನ್‌ಎಸ್‌ಜಿಯ ನೆಲೆ ಇರಲಿಲ್ಲ. ಅದು ಬಂದದ್ದು 2009ರಲ್ಲಿ. ದಿಲ್ಲಿಯಿಂದ ವಿಮಾನದಲ್ಲಿ ಬಂದಿಳಿದ ಕಮಾಂಡೊಗಳು ದಕ್ಷಿಣ ಮುಂಬಯಿಗೆ ಹೋದದ್ದು ನಾವು ದಿನಾ ಹತ್ತಿಳಿಯುವ ನಗರ ಸಾರಿಗೆಯ ‘ಬೆಸ್ಟ್’ ಬಸ್ಸುಗಳಲ್ಲಿ. ನಾನು ನೋಡಬಯಸುವ ಚಿತ್ರ ಆ ಬಸ್ಸಿನೊಳಗೆ ಆರಂಭವಾಗುತ್ತದೆ: ಮಡಿಲಲ್ಲಿ ಬಂದೂಕು, ಕಿಟಕಿಯಾಚೆ ಗುರುತಿಲ್ಲದ ಊರು, ಮುಂದೆ ಐನೂರಕ್ಕೂ ಹೆಚ್ಚು ಕೋಣೆಗಳ ಹೋಟೆಲು, ಪ್ರತಿ ಕೋಣೆಗೂ ಒಂದು ಮುಚ್ಚಿದ ಬಾಗಿಲು.