ಆಲ್-ಅಮೆರಿಕನ್ ಪಟ್ಟಿಯಲ್ಲಿ ‘ಸಣ್ಣ ಕಾಲೇಜು’ ಅಂತ ಬೇರೆ ಸಾಲು ಯಾಕೆ ಬಂತು?

1973ರಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಗೆದ್ದದ್ದು ನ್ಯೂಯಾರ್ಕ್ ನಿಕ್ಸ್. ಫೈನಲ್‌ನಲ್ಲಿ ಲೇಕರ್ಸ್ ತಂಡವನ್ನು 4-1ರಿಂದ ಸೋಲಿಸಿದರು. ಆ ತಂಡದ ಹೆಸರುಗಳನ್ನು ಒಂದು ಸಲ ನೋಡಿ. ವಿಲ್ಲಿಸ್ ರೀಡ್ ಲೂಸಿಯಾನಾದ ಗ್ರ್ಯಾಂಬ್ಲಿಂಗ್ ಕಾಲೇಜಿನವನು. ಅರ್ಲ್ ಮನ್ರೋ ವಿನ್‌ಸ್ಟನ್-ಸೇಲಂನಲ್ಲಿ ಓದಿದವನು. ಡಿಕ್ ಬಾರ್ನೆಟ್ ಟೆನೆಸಿ ಎ ಆ್ಯಂಡ್ ಐ, ವಾಲ್ಟ್ ಫ್ರೇಜಿಯರ್ ಸದರ್ನ್ ಇಲಿನಾಯ್. ಬೆಂಚಿನಿಂದ ಎದ್ದು ಬರುತ್ತಿದ್ದ ಫಿಲ್ ಜಾಕ್ಸನ್ ನಾರ್ತ್ ಡಕೋಟಾ. ಕಾಲೇಜಿನಲ್ಲಿದ್ದಾಗ ಈ ಐವರಲ್ಲಿ ಒಬ್ಬನೂ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎಯ ಮುಖ್ಯ ಟೂರ್ನಿಯಲ್ಲಿ ಒಂದೇ ಒಂದು ಪಂದ್ಯ ಆಡಿರಲಿಲ್ಲ. ಅವರ ಕಾಲೇಜುಗಳೆಲ್ಲ ಆಗ ‘ಸಣ್ಣವು’. ಅವರಿಗೆ ಸಿಕ್ಕ ಗೌರವವೂ ಸಣ್ಣ ಕಾಲೇಜುಗಳ ಬೇರೆ ಆಲ್-ಅಮೆರಿಕನ್ ಪಟ್ಟಿಯಲ್ಲಿ.

ಹಾಗಾದರೆ ಸಣ್ಣದಾಗಿದ್ದದ್ದು ಏನು? ಆಟವಂತೂ ಅಲ್ಲ. ಆಟ ನೋಡೋಕೆ ಹೋಗುತ್ತಿದ್ದವರ ಸಂಖ್ಯೆ ಸಣ್ಣದಿತ್ತು, ಅಷ್ಟೇ.

ಆಲ್-ಅಮೆರಿಕನ್ ಅಂದರೆ ನಿಜವಾದ ತಂಡ ಅಲ್ಲ. ಅದಕ್ಕೆ ಆರಿಸಿದ ಐದು ಜನ ಒಟ್ಟಿಗೆ ಮೈದಾನಕ್ಕೆ ಇಳಿಯುವುದೇ ಇಲ್ಲ. ವರ್ಷದ ಕೊನೆಗೆ ಪತ್ರಕರ್ತರೋ ಕೋಚ್‌ಗಳೋ ಕೂತು ಮಾಡುವ ಅತ್ಯುತ್ತಮ ಕಾಲೇಜು ಆಟಗಾರರ ಪಟ್ಟಿ ಅದು. ಶುರುವಾದದ್ದು 1889ರಲ್ಲಿ, ಅಮೆರಿಕನ್ ಫುಟ್‌ಬಾಲ್‌ನಲ್ಲಿ. ಬ್ಯಾಸ್ಕೆಟ್‌ಬಾಲ್ ಅನ್ನೋ ಆಟ ಆಗ ಇನ್ನೂ ಹುಟ್ಟಿರಲಿಲ್ಲ. ಜೇಮ್ಸ್ ನೈಸ್ಮಿತ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬುಟ್ಟಿ ಕಟ್ಟಿದ್ದು 1891ರ ಡಿಸೆಂಬರ್‌ನಲ್ಲಿ. ಅಸೋಸಿಯೇಟೆಡ್ ಪ್ರೆಸ್ ಬ್ಯಾಸ್ಕೆಟ್‌ಬಾಲ್‌ಗೆ ತನ್ನ ಪಟ್ಟಿ ಶುರು ಮಾಡಿದ್ದು 1948ರಲ್ಲಿ. ಟಿವಿಯಲ್ಲಿ ಎಲ್ಲ ಪಂದ್ಯ ಬರುವ ಕಾಲ ಅಲ್ಲ ಅದು. ಮತ ಹಾಕುವವರು ತಾವು ನೋಡಿದವರಿಗೆ, ಇಲ್ಲವೇ ಪೇಪರಿನಲ್ಲಿ ಓದಿದವರಿಗೆ ಹಾಕುತ್ತಿದ್ದರು. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಡಿದವನು ಕಣ್ಣಿಗೆ ಬೀಳುತ್ತಿದ್ದ, ಒಹಾಯೋದ ಹಳ್ಳಿಯಲ್ಲಿ ಆಡಿದವನು ಬೀಳುತ್ತಿರಲಿಲ್ಲ. ನಮ್ಮಲ್ಲೂ ಮೊಫಸಿಲ್ ಹುಡುಗ ಎಷ್ಟೇ ರನ್ ಹೊಡೆದರೂ ಬೆಂಗಳೂರಿನ ಲೀಗ್‌ನಲ್ಲಿ ಆಡುವ ತನಕ ನಂಬಲ್ಲ ಅನ್ನೋ ಮಾತು ಇದೆಯಲ್ವಾ, ಹಾಗೆ.

ಒಹಾಯೋ ಅಂದೆನಲ್ಲ, ಸುಮ್ನೆ ಹೇಳಿದ್ದಲ್ಲ. ಅಲ್ಲಿ ರಿಯೋ ಗ್ರ್ಯಾಂಡ್ ಅನ್ನೋ ಕಾಲೇಜು ಇತ್ತು. 1950ರ ದಶಕದ ಆರಂಭದಲ್ಲಿ ಅಲ್ಲಿದ್ದ ವಿದ್ಯಾರ್ಥಿಗಳು ಒಟ್ಟು 92. ಬಾಗಿಲು ಹಾಕುವ ಹಂತಕ್ಕೆ ಬಂದಿತ್ತು. ಅಲ್ಲಿಗೆ ಬಂದವನು ಬೀವೋ ಫ್ರಾನ್ಸಿಸ್, 6 ಅಡಿ 9 ಇಂಚಿನ ಹುಡುಗ. ಅವನ ಕೋಚ್ ನ್ಯೂಟ್ ಆಲಿವರ್‌ಗೆ ಆಟದ ಜೊತೆಗೆ ಪ್ರಚಾರದ ಕಲೆಯೂ ಚೆನ್ನಾಗಿ ಗೊತ್ತಿತ್ತು. ಒಬ್ಬನಿಗೇ ಚೆಂಡು ಕೊಡಿ, ಅವನು ಲೆಕ್ಕ ತಪ್ಪುವಷ್ಟು ಪಾಯಿಂಟ್ ಹೊಡೆಯಲಿ, ಪೇಪರಿನವರು ತಾವಾಗೇ ಬರುತ್ತಾರೆ ಅನ್ನೋದು ಅವನ ಉಪಾಯ. 1953ರ ಜನವರಿಯಲ್ಲಿ ಬೀವೋ ಆ್ಯಶ್‌ಲ್ಯಾಂಡ್ ಅನ್ನೋ ಜೂನಿಯರ್ (ಎರಡೇ ವರ್ಷದ) ಕಾಲೇಜಿನ ವಿರುದ್ಧ 116 ಹೊಡೆದ. ಆ ಸೀಸನ್‌ನಲ್ಲಿ ತಂಡ ಆಡಿದ 39 ಪಂದ್ಯವನ್ನೂ ಗೆದ್ದಿತು. ಪೇಪರಿನವರು ಬಂದೇ ಬಂದರು.

ಅದರ ಹಿಂದೆಯೇ ದೊಡ್ಡವರ ಸಿಟ್ಟೂ ಬಂತು. ಜೂನಿಯರ್ ಕಾಲೇಜು, ಮಿಲಿಟರಿ ತಂಡಗಳ ವಿರುದ್ಧ ಹೊಡೆದದ್ದೆಲ್ಲ ಲೆಕ್ಕಕ್ಕಿಲ್ಲ, ನಾಲ್ಕು ವರ್ಷದ ಡಿಗ್ರಿ ಕೊಡುವ ಕಾಲೇಜು ಎದುರಿಗಿದ್ದರೆ ಮಾತ್ರ ದಾಖಲೆ ಅಂತ ನಿಯಮ ಮಾಡಿದರು. 116 ಅಳಿಸಿಹೋಯಿತು. ಸೀಸನ್ನಿನ ಬಹುಪಾಲು ಪಂದ್ಯಗಳೂ ಅದರ ಜೊತೆಗೇ ಹೋದವು. ಆಲಿವರ್ ಸುಮ್ಮನಾಗಲಿಲ್ಲ. ಮುಂದಿನ ವರ್ಷ ದೊಡ್ಡ ಕಾಲೇಜುಗಳನ್ನೇ ಹುಡುಕಿಕೊಂಡು ಹೋದ. ನ್ಯೂಯಾರ್ಕ್‌ನ ಗಾರ್ಡನ್‌ನಲ್ಲಿ ಅಡೆಲ್ಫಿ ವಿರುದ್ಧ ಸೋತರು, ಆದರೆ ವೇಕ್ ಫಾರೆಸ್ಟ್, ಪ್ರಾವಿಡೆನ್ಸ್ ತಂಡಗಳನ್ನು ಸೋಲಿಸಿದರು. 92 ಜನರ ಕಾಲೇಜು ಸ್ವಾಮಿ ಅದು!

1954ರ ಫೆಬ್ರವರಿ 2ರಂದು ಬೀವೋ ಹಿಲ್ಸ್‌ಡೇಲ್ ಕಾಲೇಜಿನ ವಿರುದ್ಧ 113 ಹೊಡೆದ. ಎರಡೆರಡು ಪಾಯಿಂಟಿನ 38 ಬುಟ್ಟಿ, ಒಂದೊಂದು ಪಾಯಿಂಟಿನ 37 ಫ್ರೀ ಥ್ರೋ. ಆಚೆಯಿಂದ ಹೊಡೆದರೆ ಮೂರು ಪಾಯಿಂಟ್ ಸಿಗುವ ಗೆರೆ ಆಗ ಇರಲಿಲ್ಲ. ಹಿಲ್ಸ್‌ಡೇಲ್ ನಾಲ್ಕು ವರ್ಷದ ಕಾಲೇಜು, ಹಾಗಾಗಿ ಈ ಸಲ ಯಾರೂ ಅಳಿಸೋ ಹಾಗಿರಲಿಲ್ಲ.

ಇದಾಗಿ 11 ದಿನಕ್ಕೆ ಫರ್ಮನ್ ವಿಶ್ವವಿದ್ಯಾಲಯದ ಫ್ರ್ಯಾಂಕ್ ಸೆಲ್ವಿ ನ್ಯೂಬೆರ್ರಿ ವಿರುದ್ಧ 100 ಹೊಡೆದ. ನ್ಯೂಬೆರ್ರಿಯೂ ಸಣ್ಣ ಕಾಲೇಜೇ. ಆದರೆ ಸೆಲ್ವಿ ದೊಡ್ಡ ವಿಭಾಗದ ಆಟಗಾರ. ಆ ವರ್ಷದ ಮುಖ್ಯ ಆಲ್-ಅಮೆರಿಕನ್ ಮೊದಲ ಐವರಲ್ಲಿ ಅವನ ಹೆಸರಿದೆ, ಇವತ್ತಿಗೂ ದೊಡ್ಡ ಕಾಲೇಜುಗಳ ವಿಭಾಗವಾದ ಡಿವಿಷನ್ 1ರಲ್ಲಿ ಒಬ್ಬ ಆಟಗಾರ ಒಂದು ಪಂದ್ಯದಲ್ಲಿ ಹೊಡೆದ ಅತಿ ಹೆಚ್ಚು ಪಾಯಿಂಟ್ ಅಂದರೆ ಆ 100. ಸಣ್ಣ ಎದುರಾಳಿ ಅಂತ ಒಬ್ಬನ 116 ಹೋಯಿತು, ಸಣ್ಣ ಎದುರಾಳಿಯ ಮೇಲೆ ಇನ್ನೊಬ್ಬ ಹೊಡೆದ 100 ಉಳಿಯಿತು. ನ್ಯೂಬೆರ್ರಿ ಜೂನಿಯರ್ ಕಾಲೇಜಲ್ಲ, ಹಾಗಾಗಿ ನಿಯಮದ ಪ್ರಕಾರ ಎರಡೂ ಸರಿಯೇ. ನನಗೆ ಮಾತ್ರ ಬೀವೋ ಪರ ಸ್ವಲ್ಪ ಜಾಸ್ತಿ ಅಂತಃಕರಣ.

ಕಾಣದೇ ಹೋಗೋದಕ್ಕೆ ದೂರ ಒಂದೇ ಕಾರಣ ಆಗಿರಲಿಲ್ಲ. ಬಣ್ಣವೂ ಕಾರಣ, ಮತ್ತು ಅದು ಇನ್ನೂ ದೊಡ್ಡ ಕಾರಣ.

ಸಣ್ಣ ಕಾಲೇಜುಗಳಿಗೆ ತಮ್ಮದೇ ಟೂರ್ನಿ ಇರಲಿ ಅಂತ 1937ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಒಂದನ್ನು ಶುರು ಮಾಡಿದರು. ನೈಸ್ಮಿತ್ ಕೂಡ ಅದಕ್ಕೆ ಕೈಜೋಡಿಸಿದ್ದರು. ಈಗ ಎನ್‌ಎಐಎ ಅನ್ನೋ ಸಂಸ್ಥೆಯ ಮೂಲ ಅದೇ. ಆದರೆ ಅಲ್ಲಿ ಕಪ್ಪು ಆಟಗಾರರಿಗೆ ಪ್ರವೇಶ ಇರಲಿಲ್ಲ. 1947ರಲ್ಲಿ ಇಂಡಿಯಾನಾ ಸ್ಟೇಟ್ ತಂಡಕ್ಕೆ ಆಹ್ವಾನ ಬಂದಾಗ ಕೋಚ್ ಜಾನ್ ವುಡನ್ ಬರಲ್ಲ ಅಂದುಬಿಟ್ಟರು. ಅವರ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಅನ್ನೋ ಕಪ್ಪು ಹುಡುಗನಿದ್ದ, ಬೆಂಚಿನ ಆಟಗಾರ. ಮುಂದಿನ ವರ್ಷ ನಿಷೇಧ ತೆಗೆದರು, ವಾಕರ್ ಆಡಿದ, ತಂಡ ಫೈನಲ್ ತನಕ ಹೋಗಿ ಸೋತಿತು. ಆಗಲೂ ತಂಡದ ಹೋಟೆಲ್‌ನಲ್ಲಿ ಅವನಿಗೆ ರೂಮ್ ಇರಲಿಲ್ಲ. ಮುಂದೆ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಹತ್ತು ಚಾಂಪಿಯನ್‌ಷಿಪ್ ಗೆದ್ದ ವುಡನ್ ಎಲ್ಲರಿಗೂ ಗೊತ್ತು. 1947ರ ಈ ಕಥೆ ಗೊತ್ತಿರುವವರು ಕಡಿಮೆ.

ಕಪ್ಪು ಜನರ ಕಾಲೇಜುಗಳಿಗೇ ಟೂರ್ನಿಯ ಬಾಗಿಲು ತೆರೆದದ್ದು 1953ರಲ್ಲಿ. ಅಲ್ಲಿಂದ ಜಾನ್ ಮೆಕ್‌ಲೆಂಡನ್ ಕಾಲ ಶುರು. ಈ ಮನುಷ್ಯ ಕ್ಯಾನ್ಸಸ್ ವಿವಿಯಲ್ಲಿ ನೈಸ್ಮಿತ್ ಹತ್ತಿರವೇ ಕಲಿತವನು. ಆದರೆ ಅದೇ ಕಾಲೇಜಿನ ತಂಡದಲ್ಲಿ ಆಡಲು ಬಿಟ್ಟಿರಲಿಲ್ಲ, ಕಾರಣ ಬಣ್ಣ. ಟೆನೆಸಿ ಎ ಆ್ಯಂಡ್ ಐ ಕೋಚ್ ಆಗಿ ಅವನು ಕ್ಯಾನ್ಸಸ್ ಸಿಟಿಗೆ ಬರಲು ಒಂದು ಷರತ್ತು ಹಾಕಿದ: ಬೇರೆ ತಂಡಗಳು ಎಲ್ಲಿ ಉಳಿದುಕೊಳ್ಳುತ್ತವೋ ನಮ್ಮ ಹುಡುಗರೂ ಅಲ್ಲೇ ಇರಬೇಕು, ಅಲ್ಲೇ ಊಟ ಮಾಡಬೇಕು. ಒಪ್ಪಿಕೊಂಡರು. ಬಂದವರು 1957, 1958, 1959, ಮೂರು ವರ್ಷವೂ ಕಪ್ ಎತ್ತಿಕೊಂಡು ಹೋದರು. ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ಅಲ್ಲಿಯ ತನಕ ಯಾವ ಕಾಲೇಜೂ ಗೆದ್ದಿರಲಿಲ್ಲ. ಡಿಕ್ ಬಾರ್ನೆಟ್ ಆ ತಂಡದ ಜೀವ. ಶಾಟ್ ಹೊಡೆಯುವಾಗ ಕಾಲನ್ನು ಹಿಂದಕ್ಕೆ ಮಡಚಿ, ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಜೊತೆಗಾರರಿಗೆ ‘ವಾಪಸ್ ನಡೀರಿ’ ಅನ್ನೋ ಥರ ಹೇಳುತ್ತಿದ್ದ. ಅಂಥ ಆಟಗಾರನಿಗೆ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2024ರಲ್ಲಿ, ತಡವಾಯಿತು ಅನ್ನೋದು ಸಣ್ಣ ಮಾತು. ಮರುವರ್ಷವೇ ತೀರಿಕೊಂಡ.

ಅತ್ತ ಎನ್‌ಸಿಎಎ ಕೂಡ 1957ರಲ್ಲಿ ಸಣ್ಣವರಿಗೆ ಅಂತ ‘ಕಾಲೇಜ್ ಡಿವಿಷನ್’ ಟೂರ್ನಿ ಶುರು ಮಾಡಿತು. 1973ರಲ್ಲಿ ಅದನ್ನು ಒಡೆದು ಡಿವಿಷನ್ 2, 3 ಮಾಡಿದರು, ದೊಡ್ಡವರದು ಡಿವಿಷನ್ 1 ಆಯಿತು. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಷಿಪ್ ಇಲ್ಲವೇ ಇಲ್ಲ. ಪ್ರತಿ ಡಿವಿಷನ್‌ಗೂ ಅದರದೇ ಆಲ್-ಅಮೆರಿಕನ್ ಪಟ್ಟಿ, ಎನ್‌ಎಐಎಗೆ ಮತ್ತೊಂದು.

ಈ ಪಟ್ಟಿಗಳಿಂದ ಬಂದವರ ಹೆಸರು ಹೇಳುತ್ತಾ ಹೋದರೆ ಮುಗಿಯೋದಿಲ್ಲ. ಮನ್ರೋ 1967ರಲ್ಲಿ ಪಂದ್ಯಕ್ಕೆ ಸರಾಸರಿ 41.5 ಹೊಡೆದು ವಿನ್‌ಸ್ಟನ್-ಸೇಲಂಗೆ ಎನ್‌ಸಿಎಎ ಕಾಲೇಜ್ ಡಿವಿಷನ್ ಗೆದ್ದುಕೊಟ್ಟ. ಕೆಂಟಕಿ ಸ್ಟೇಟ್‌ನ ಟ್ರಾವಿಸ್ ಗ್ರ್ಯಾಂಟ್ ನಾಲ್ಕು ವರ್ಷಗಳಲ್ಲಿ 4,045 ಪಾಯಿಂಟ್ ಗಳಿಸಿದ. ಸ್ಕಾಟಿ ಪಿಪ್ಪೆನ್ ಸೆಂಟ್ರಲ್ ಆರ್ಕನ್ಸಾಸ್‌ಗೆ ಬಂದದ್ದು ಸ್ಕಾಲರ್‌ಷಿಪ್ ಇಲ್ಲದೆ, ತಂಡದ ಸಾಮಾನು ನೋಡಿಕೊಳ್ಳುವ ಕೆಲಸ ಮಾಡಿಕೊಂಡು. 6 ಅಡಿ 1 ಇಂಚಿದ್ದವನು ಕಾಲೇಜಿನಲ್ಲೇ 6 ಅಡಿ 8 ಇಂಚು ಬೆಳೆದ. ಡೆನ್ನಿಸ್ ರಾಡ್‌ಮನ್ ಡಲ್ಲಾಸ್ ಏರ್‌ಪೋರ್ಟ್‌ನಲ್ಲಿ ಕಸ ಗುಡಿಸುತ್ತಿದ್ದವನು, ಆಮೇಲೆ ಸೌತ್‌ಈಸ್ಟರ್ನ್ ಓಕ್ಲಹೋಮಾ ಸ್ಟೇಟ್‌ನಲ್ಲಿ ಮೂರು ಸಲ ಎನ್‌ಎಐಎ ಆಲ್-ಅಮೆರಿಕನ್. ರೀಬೌಂಡ್‌ಗೆ, ಅಂದರೆ ಗುರಿ ತಪ್ಪಿ ಪುಟಿದ ಚೆಂಡು ಹಿಡಿಯೋದಕ್ಕೆ ಹೆಸರಾದ ಈ ಮನುಷ್ಯ ಅಲ್ಲಿ ಪಂದ್ಯಕ್ಕೆ 25ಕ್ಕಿಂತ ಜಾಸ್ತಿ ಪಾಯಿಂಟ್ ಹೊಡೆಯುತ್ತಿದ್ದ ಅಂದರೆ ನಂಬೋದು ಕಷ್ಟ. ಈ ಇಬ್ಬರೂ ಎನ್‌ಬಿಎ ಕಣ್ಣಿಗೆ ಸರಿಯಾಗಿ ಬಿದ್ದದ್ದು ವರ್ಜೀನಿಯಾದ ಪೋರ್ಟ್ಸ್‌ಮತ್‌ನಲ್ಲಿ, ಡ್ರಾಫ್ಟ್‌ಗೆ (ಎನ್‌ಬಿಎ ತಂಡಗಳು ಹೊಸಬರನ್ನು ಆರಿಸಿಕೊಳ್ಳೋದಕ್ಕೆ) ಮೊದಲು ಹುಡುಗರನ್ನು ಆಡಿಸಿ ನೋಡುವ ಟೂರ್ನಿಯಲ್ಲಿ. ಮುಂದೆ 1996ರಲ್ಲಿ 72 ಪಂದ್ಯ ಗೆದ್ದ ಶಿಕಾಗೊ ಬುಲ್ಸ್ ತಂಡದಲ್ಲಿ ಮೈಕೆಲ್ ಜೋರ್ಡನ್ ಜೊತೆ ನಿಂತವರು ಇವರೇ. ಕೋಚ್ ಯಾರು? ನಾರ್ತ್ ಡಕೋಟಾದ ಅದೇ ಫಿಲ್ ಜಾಕ್ಸನ್.

ಹೆಣ್ಣುಮಕ್ಕಳ ಕಥೆ ಇದಕ್ಕೆ ಉಲ್ಟಾ, ಹಾಗಾಗಿ ಇನ್ನೂ ಸ್ವಾರಸ್ಯ. ದೊಡ್ಡ ವಿಶ್ವವಿದ್ಯಾಲಯಗಳು ಹುಡುಗಿಯರ ಆಟಕ್ಕೆ ದುಡ್ಡು ಹಾಕದೇ ಇದ್ದ ಕಾಲದಲ್ಲಿ ಫಿಲಡೆಲ್ಫಿಯಾ ಹತ್ತಿರದ ಇಮ್ಯಾಕ್ಯುಲೇಟಾ ಅನ್ನೋ ಪುಟ್ಟ ಕ್ಯಾಥೊಲಿಕ್ ಕಾಲೇಜು 1972ರಿಂದ 1974ರ ತನಕ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆಮೇಲಿನ ಮೂರು ವರ್ಷ ಮಿಸಿಸಿಪಿಯ ಡೆಲ್ಟಾ ಸ್ಟೇಟ್. ಅದರ ಲೂಸಿಯಾ ಹ್ಯಾರಿಸ್ ಮೂರೂ ವರ್ಷ ಮುಖ್ಯ ಆಲ್-ಅಮೆರಿಕನ್ ಪಟ್ಟಿಯಲ್ಲೇ ಇದ್ದಳು, ಯಾವ ಸಣ್ಣ ಪಟ್ಟಿಯಲ್ಲೂ ಅಲ್ಲ. 1977ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದೇ ಪಂದ್ಯದಲ್ಲಿ 47 ಹೊಡೆದಳು. 1982ರಲ್ಲಿ ಎನ್‌ಸಿಎಎ ಮಹಿಳೆಯರ ಟೂರ್ನಿ ಶುರು ಮಾಡಿತು, ದೊಡ್ಡವರ ದುಡ್ಡು ಬಂತು, ಡೆಲ್ಟಾ ಸ್ಟೇಟ್ ಡಿವಿಷನ್ 2ಕ್ಕೆ ಹೋಯಿತು.

ಹಾಗಂತ ಸಣ್ಣ ಕಾಲೇಜಿನ ಅಂಕಿಗಳನ್ನೆಲ್ಲ ಕಣ್ಣು ಮುಚ್ಚಿ ನಂಬಬೇಕು ಅಂತ ನಾನು ಹೇಳಲ್ಲ. 2012ರ ನವೆಂಬರ್‌ನಲ್ಲಿ ಅಯೋವಾದ ಗ್ರಿನೆಲ್ ಕಾಲೇಜಿನ ಜ್ಯಾಕ್ ಟೇಲರ್ ಒಂದು ಬೈಬಲ್ ಕಾಲೇಜಿನ ವಿರುದ್ಧ 138 ಹೊಡೆದು ಬೀವೋನ 113ನ್ನು ಹಿಂದಿಕ್ಕಿದ. 36 ನಿಮಿಷದಲ್ಲಿ ಅವನು ಎಸೆದದ್ದು 108 ಸಲ, ಅದರಲ್ಲಿ 71 ಮೂರು ಪಾಯಿಂಟಿನ ಗೆರೆಯ ಆಚೆಯಿಂದ. ಗ್ರಿನೆಲ್‌ನ ಪದ್ಧತಿಯೇ ಹಾಗೆ: ಓಡು, ಎಸೆ, ಮತ್ತೆ ಓಡು. ಅದೇ ಪಂದ್ಯದಲ್ಲಿ ಎದುರಾಳಿ ತಂಡದ ಹುಡುಗನೊಬ್ಬ 70 ಹೊಡೆದ, ಅವನನ್ನು ಯಾರೂ ಕೇಳಲೇ ಇಲ್ಲ, ಪಾಪ. ಇಂಥ ಸಂಖ್ಯೆ ನೋಡಿಯೇ ಆಲ್-ಅಮೆರಿಕನ್ ಮಾಡುವುದಾದರೆ ಕೋಚ್‌ಗಳ ಮತ ಯಾಕೆ ಬೇಕು?

ಈಗ ಪರಿಸ್ಥಿತಿ ಬೇರೆ. ಮೊದಲು ಸಣ್ಣ ಕಾಲೇಜಿನವನು ದೊಡ್ಡ ಕಾಲೇಜಿಗೆ ಹೋದರೆ ಒಂದು ವರ್ಷ ಆಡದೇ ಕೂರಬೇಕಿತ್ತು. ಬಾಸ್ಟನ್ ಸೆಲ್ಟಿಕ್ಸ್‌ನ ಡೆರಿಕ್ ವೈಟ್ ಕೊಲರಾಡೋ ಸ್ಪ್ರಿಂಗ್ಸ್‌ನ ಡಿವಿಷನ್ 2 ಕಾಲೇಜಿನಿಂದ ಮೇಲೆ ಹೋದಾಗ ಹಾಗೇ ಕೂತಿದ್ದ. ಡಿವಿಷನ್ 3ರ ವಿಲಿಯಮ್ಸ್ ಕಾಲೇಜಿನಿಂದ ಮಿಷಿಗನ್‌ಗೆ ಹೋದ ಡಂಕನ್ ರಾಬಿನ್ಸನ್ ಕೂಡ. 2021ರಲ್ಲಿ ಆ ನಿಯಮ ಸಡಿಲವಾಯಿತು. ಅದೇ ವರ್ಷ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡೋಕೂ ಅನುಮತಿ ಸಿಕ್ಕಿತು. ಡಿವಿಷನ್ 2ರಲ್ಲಿ ಚೆನ್ನಾಗಿ ಆಡಿ, ಇನ್ನೂ ಒಂದೆರಡು ವರ್ಷ ಬಾಕಿ ಉಳಿಸಿಕೊಂಡವನಿಗೆ ದೊಡ್ಡವರಿಂದ ಫೋನ್ ಬರೋದು ಗ್ಯಾರಂಟಿ.

ಇದಕ್ಕೆ ನಾರ್ತ್‌ವೆಸ್ಟ್ ಮಿಸೌರಿ ಸ್ಟೇಟ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಡಿವಿಷನ್ 2ರಲ್ಲಿ 2017, 2019, 2021, 2022, ನಾಲ್ಕು ಸಲ ಗೆದ್ದ ತಂಡ. 2024ರಲ್ಲಿ ಅದರ ಕೋಚ್ ಬೆನ್ ಮೆಕಾಲಂ ಡಿವಿಷನ್ 1ರ ಡ್ರೇಕ್‌ಗೆ ಹೋದರು. ಜೊತೆಗೆ ನಾಲ್ಕು ಹುಡುಗರನ್ನೂ ಕರೆದುಕೊಂಡು ಹೋದರು. ಡಿವಿಷನ್ 2ರ ಹುಡುಗರು ಇಲ್ಲಿ ಏನು ಮಾಡ್ತಾರೆ ಅಂದವರಿದ್ದರು. ಆ ತಂಡ 31 ಗೆದ್ದು 4 ಸೋತಿತು, ಎನ್‌ಸಿಎಎ ಟೂರ್ನಿಯ ಮೊದಲ ಸುತ್ತಿನಲ್ಲಿ ಮಿಸೌರಿಯನ್ನು ಹೊರಗೆ ಹಾಕಿತು. ಬೆನೆಟ್ ಸ್ಟರ್ಟ್ಸ್ ಅನ್ನೋ ಹುಡುಗ 40 ನಿಮಿಷದ ಆಟದಲ್ಲಿ ಸರಾಸರಿ 39 ನಿಮಿಷಕ್ಕಿಂತ ಜಾಸ್ತಿ ಅಂಗಳದಲ್ಲೇ ಇದ್ದು ಡ್ರೇಕ್ ಆಡುವ ಕಾಲೇಜು ಗುಂಪಿನ (ಕಾನ್ಫರೆನ್ಸ್‌ನ) ವರ್ಷದ ಆಟಗಾರನಾದ.

ಕಣ್ಣಿಗೆ ಬೀಳೋ ಸಮಸ್ಯೆ ಇವರಿಗೆ ಇಲ್ಲ. ಎಲ್ಲ ಪಂದ್ಯದ ವಿಡಿಯೊ ಇದೆ, ಎಲ್ಲರೂ ನೋಡುತ್ತಾರೆ, ನೋಡಿದವರು ಎತ್ತಿಕೊಂಡೂ ಹೋಗುತ್ತಾರೆ. ಪಟ್ಟಿ ಈಗಲೂ ಪ್ರತಿ ಮಾರ್ಚ್‌ನಲ್ಲಿ ಬರುತ್ತದೆ, ಆದರೆ ಅದರಲ್ಲಿರುವ ಹುಡುಗ ಮುಂದಿನ ಸೀಸನ್‌ಗೆ ಅದೇ ಕಾಲೇಜಿನ ಜೆರ್ಸಿ ಹಾಕುತ್ತಾನೆ ಅಂತ ಯಾರೂ ಹೇಳಲಾರರು. ಡ್ರೇಕ್‌ಗೂ ಅದೇ ಗತಿ ಆಯಿತು: ಒಂದೇ ವರ್ಷಕ್ಕೆ ಮೆಕಾಲಂ ಅಯೋವಾ ವಿಶ್ವವಿದ್ಯಾಲಯಕ್ಕೆ ಹೋದರು, ಸ್ಟರ್ಟ್ಸ್ ಕೂಡ ಅವರ ಹಿಂದೆಯೇ ಹೊರಟ.