ಏಣಿಯ ಬುಡ ಹಿಡಿಯುವ ನಾಲ್ಕು ಸ್ನಾಯುಗಳು

ಶ್ರೀನಿವಾಸಪುರದ ನಮ್ಮ ದೊಡ್ಡಪ್ಪನಿಗೆ ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಬಲಗೈ ಮೇಲೇಳಲಿಲ್ಲ. ದಿನಾ ದೋಟಿ ಹಿಡಿದು ತಲೆ ಮೇಲೆ ಕೈ ಎತ್ತಿ ಕಾಯಿ ಕಿತ್ತಿದ್ದರು. "ನರ ಹಿಡ್ಕೊಂಡಿದೆ" ಅಂದರು ಎಲ್ಲರೂ. ಒಬ್ಬರು ಎಣ್ಣೆ ಹಚ್ಚಿ ಜಗ್ಗಿದರು, ಇನ್ನೊಬ್ಬರು ಬರೆ ಹಾಕಿಸೋಣ ಅಂದರು. ನನಗೆ ಹೊಟ್ಟೆ ಉರಿಯುತ್ತದೆ. ಕೆಟ್ಟಿದ್ದು ನರ ಅಲ್ಲವೇ ಅಲ್ಲ!

ಎಡಗೈಯಿಂದ ಎತ್ತಿದರೆ ಅವರ ಬಲಗೈ ತಲೆವರೆಗೂ ಹೋಗುತ್ತಿತ್ತು. ಬಿಟ್ಟು ನಿಧಾನಕ್ಕೆ ಇಳಿಸಿ ಅಂದರೆ ಹೆಗಲ ಮಟ್ಟಕ್ಕೆ ಬಂದು ದಪ್ ಅಂತ ಬೀಳುತ್ತಿತ್ತು. ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲೇ ಬಿಗಿದುಕೊಳ್ಳುವ ಕಾಯಿಲೆ, ಆಗಿದ್ದರೆ ಬೇರೆಯವರು ಎತ್ತಿದರೂ ಪೂರ್ತಿ ಏಳುತ್ತಿರಲಿಲ್ಲ.

ಸೊಂಟದ ಕೀಲು ಒರಳಿದ್ದ ಹಾಗೆ, ಆಳ. ಭುಜದ್ದು ಬರೀ ಚಿಕ್ಕ ತಟ್ಟೆ, ಅದರ ಮೇಲೆ ತೋಳುಮೂಳೆಯ ದಪ್ಪ ಗುಂಡು. ಅದಕ್ಕೇ ಕೈ ಎಲ್ಲಾ ಕಡೆ ತಿರುಗುತ್ತದೆ, ಅದಕ್ಕೇ ಜಾರುವ ಭಯವೂ ಜಾಸ್ತಿ. ಹೆಗಲ ಮೇಲೆ ದುಂಡಗೆ ಕಾಣುವ ಡೆಲ್ಟಾಯ್ಡ್ ಸ್ನಾಯು ಕೈ ಎತ್ತುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಕೈ ಇಳಿಬಿಟ್ಟಾಗ ಅದು ಎಳೆಯುವುದು ಹೆಚ್ಚುಕಡಿಮೆ ನೇರ ಮೇಲಕ್ಕೆ. ಅದೊಂದೇ ಎಳೆದರೆ ಕೈ ತಿರುಗಿ ಏಳುವ ಬದಲು ಗುಂಡೇ ಮೇಲೆ ಜಾರಿ ಹೆಗಲ ಚಾವಣಿ ಮೂಳೆಗೆ ತಗಲುತ್ತದೆ. ಮಲಗಿಸಿದ ಏಣಿಯನ್ನು ನಿಲ್ಲಿಸುವಾಗ ಒಬ್ಬರು ಬುಡಕ್ಕೆ ಕಾಲು ಕೊಟ್ಟು ನಿಲ್ಲುತ್ತಾರಲ್ವಾ? ಕಾಲು ಕೊಡದಿದ್ದರೆ ಇನ್ನೊಬ್ಬರು ಎಷ್ಟು ಎತ್ತಿದರೂ ಏಣಿ ಜಾರುತ್ತದೆ. ಚಪ್ಪರದ ಕಂಬಕ್ಕೆ ಸುತ್ತ ಹಗ್ಗ ಬಿಗಿಯುವುದೂ ಇದೇ ಲೆಕ್ಕ. ಭುಜದಲ್ಲಿ ಈ ಕೆಲಸ ರೊಟೇಟರ್ ಕಫ್‌ನ ನಾಲ್ಕು ಸ್ನಾಯುಗಳದ್ದು. ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂದೆ ಸಬ್‌ಸ್ಕ್ಯಾಪುಲಾರಿಸ್. ನಾಲ್ಕೂ ಬೆನ್ನಿನ ಮೇಲ್ಭಾಗದ ರೆಕ್ಕೆ ಮೂಳೆಯಿಂದ ಹೊರಟು ಗುಂಡನ್ನು ಅಂಗಿ ತೋಳಿನ ಪಟ್ಟಿಯಂತೆ ಸುತ್ತುತ್ತವೆ, ತಟ್ಟೆಗೆ ಒತ್ತಿ ಹಿಡಿಯುತ್ತವೆ. ಮುಂದಿನದು ತೋಳನ್ನು ಒಳಗೆ ತಿರುಗಿಸುತ್ತದೆ, ಹಿಂದಿನ ಎರಡು ಹೊರಗೆ.

ಸುಪ್ರಾಸ್ಪೈನೇಟಸ್‌ನ ನಾರಿನಂಥ ತುದಿ ಆ ಚಾವಣಿ ಮೂಳೆಯ ಕೆಳಗೇ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ವಯಸ್ಸಾದಂತೆ ಅದು ಸವೆಯುತ್ತದೆ, ಹರಿಯಲೂಬಹುದು. ಕೈ ಮೇಲೆತ್ತಿ ಮಾಡುವ ಕೆಲಸ ಅದಕ್ಕೆ ಭಾರ. ಬಾಸ್ಟನ್‌ನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್ ಹೀಗೆ ಹರಿದದ್ದನ್ನು ಹೊಲಿದು ಸರಿಮಾಡಿದ ಬಗ್ಗೆ 1911ರಲ್ಲೇ ಬರೆದರು, ಆಮೇಲೆ 1934ರಲ್ಲಿ ಭುಜದ ಮೇಲೆಯೇ ಒಂದು ಪುಸ್ತಕ ತಂದರು. ಆಪರೇಷನ್ ಆದ ರೋಗಿ ನಿಜಕ್ಕೂ ಗುಣವಾದನಾ ಅಂತ ಆಸ್ಪತ್ರೆಗಳು ಲೆಕ್ಕ ಇಡಬೇಕು ಎಂದು ಹಟ ಹಿಡಿದು ಊರೆಲ್ಲ ಎದುರು ಹಾಕಿಕೊಂಡ ಮನುಷ್ಯ ಅವರು. ನನಗೆ ಅವರ ಮೇಲೆ ತುಂಬಾ ಗೌರವ. ನೂರು ವರ್ಷ ದಾಟಿದರೂ ನಾವು ಇನ್ನೂ ಬರೆ ಹಾಕುವ ಮಾತಾಡುತ್ತಿದ್ದೇವೆ.

ದೊಡ್ಡಪ್ಪನ ಎಕ್ಸ್‌ರೇಯಲ್ಲಿ ಹರಿದಿದ್ದು ಕಾಣಲಿಲ್ಲ, ಅದರಲ್ಲಿ ಸ್ನಾಯು ಕಾಣುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಕಂಡಿತು. ಬಿದ್ದು ಪೆಟ್ಟಾಗಿ ಇದ್ದಕ್ಕಿದ್ದ ಹಾಗೆ ಕೈ ಏಳದಿದ್ದರೆ ತಡಮಾಡದೆ ಮೂಳೆ ಡಾಕ್ಟರ ಹತ್ತಿರ ಹೋಗಬೇಕು, ಹೊಲಿಯಬೇಕಾಗಬಹುದು. ಸವೆದು ಹರಿದವರಲ್ಲಿ ಎಷ್ಟೋ ಜನಕ್ಕೆ ವ್ಯಾಯಾಮವೇ ಸಾಕಾಗುತ್ತದೆ. ದೊಡ್ಡಪ್ಪ ಮೂರು ತಿಂಗಳು ಬಾಗಿಲ ಚಿಲಕಕ್ಕೆ ರಬ್ಬರ್ ಪಟ್ಟಿ ಕಟ್ಟಿ ಎಳೆದರು. ಹರಿದದ್ದು ಕೂಡಿಲ್ಲ. ಉಳಿದ ಸ್ನಾಯುಗಳು ಬಲವಾಗಿ ಬುಡ ಹಿಡಿದುಕೊಂಡಿವೆ. ಈಗ ತಲೆ ತಾವೇ ಬಾಚಿಕೊಳ್ಳುತ್ತಾರೆ, ದೋಟಿ ಮಾತ್ರ ಅಣ್ಣನ ಕೈಗೆ ಹೋಗಿದೆ.