12,34,567 ನಿಜವಾಗ್ಲೂ ‘ಅನ್‌ಹ್ಯಾಪಿ’ ಸಂಖ್ಯೆನಾ?

ಓದುಗರ ಪ್ರಶ್ನೆ: 12,34,567ನ್ನು ಡೆಫಿಷಿಯೆಂಟ್, ಓಡಿಯಸ್, ಅನ್‌ಹ್ಯಾಪಿ ಅಂತೆಲ್ಲ ಕರೆಯುತ್ತಾರಂತೆ. ಇದಕ್ಕೆಲ್ಲ ಏನಾದರೂ ಅರ್ಥ ಇದೆಯಾ, ಇಲ್ಲ ಸುಮ್ನೆ ಇಟ್ಟ ಹೆಸರಾ?

ಅರ್ಥ ಇದೆ. ಆದರೆ ಎಲ್ಲಕ್ಕೂ ಒಂದೇ ಬೆಲೆ ಇಲ್ಲ. ಕೆಲವು ಗುಣ ಆ ಸಂಖ್ಯೆಯದ್ದೇ, ಕೆಲವು ನಾವು ಅದನ್ನು ಬರೆಯುವ ರೀತಿಯಿಂದ ಬಂದದ್ದು.

ಅನ್‌ಹ್ಯಾಪಿ ಎರಡನೇ ಜಾತಿಗೆ ಸೇರಿದ್ದು. ಒಂದೊಂದು ಅಂಕಿಯನ್ನೂ ವರ್ಗ ಮಾಡಿ ಕೂಡಿಸಿ, ಬಂದ ಉತ್ತರಕ್ಕೂ ಹಾಗೇ ಮಾಡುತ್ತಾ ಹೋಗಿ. ಕೊನೆಗೆ 1 ಸಿಕ್ಕರೆ ಹ್ಯಾಪಿ. ನಮ್ಮದು 140, 17, 50, 25, 29, 85, 89 ಅಂತ ಹೋಗಿ, ಅಲ್ಲಿಂದ 145, 42, 20, 4, 16, 37, 58, ಮತ್ತೆ 89. ಸುತ್ತುತ್ತಲೇ ಇರುತ್ತದೆ, 1 ಬರೋದೇ ಇಲ್ಲ. ಆದರೆ ಇದೇ ಸಂಖ್ಯೆಯನ್ನು ಬೈನರಿಯಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸುವ ಪದ್ಧತಿಯಲ್ಲಿ, ಬರೆದು ನೋಡಿ: 100101101011010000111. ಇದರಲ್ಲಿ ಹನ್ನೊಂದು 1ಗಳಿವೆ, ಹಾಗಾಗಿ ಬಂದ ಉತ್ತರವನ್ನೂ ಪ್ರತಿಸಲ ಬೈನರಿಯಲ್ಲೇ ಬರೆಯುತ್ತಾ ಹೋದರೆ (11 ಅಂದರೆ 1011, ಅದರಲ್ಲಿ ಮೂರು 1) ಇದೇ ಆಟ 11, 3, 2, 1 ಅಂತ ಮುಗಿದು ಸಂಖ್ಯೆ ಹ್ಯಾಪಿ ಆಗಿಬಿಡುತ್ತದೆ! ಓಡಿಯಸ್ ಅನ್ನೋದೂ ಇಷ್ಟೇ, ಬೈನರಿಯಲ್ಲಿ 1ಗಳ ಎಣಿಕೆ ಬೆಸ ಬಂದರೆ ಆ ಹೆಸರು. ಆಟಕ್ಕೆ ಚೆನ್ನ, ಅದಕ್ಕಿಂತ ಜಾಸ್ತಿ ಇಲ್ಲ.

ಡೆಫಿಷಿಯೆಂಟ್ ಹಾಗಲ್ಲ, ಹೇಗೆ ಬರೆದರೂ ಬದಲಾಗಲ್ಲ. 12,34,567 ಅಂದರೆ 127 × 9721, ಎರಡೂ ಅವಿಭಾಜ್ಯ. ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ 1 + 127 + 9721 = 9849. ಸಂಖ್ಯೆಗಿಂತ ಕಡಿಮೆ ಬಂತು, ಹಾಗಾಗಿ ಡೆಫಿಷಿಯೆಂಟ್. ಇದರಲ್ಲಿ ಅವಮಾನ ಏನಿಲ್ಲ ಬಿಡಿ, 945ಕ್ಕಿಂತ ಚಿಕ್ಕ ಬೆಸ ಸಂಖ್ಯೆಗಳೆಲ್ಲ ಇದೇ ಗುಂಪಿನವು.

ನನ್ನನ್ನು ಕೇಳಿದರೆ ಈ ಸಂಖ್ಯೆಯ ನಿಜವಾದ ವಿಶೇಷ ಬೇರೆಯೇ ಇದೆ, ಅದಕ್ಕೆ ಯಾರೂ ತಮಾಷೆಯ ಹೆಸರಿಟ್ಟಿಲ್ಲ ಅಷ್ಟೆ. ಇದನ್ನು 8ರಿಂದ ಭಾಗಿಸಿದರೆ ಶೇಷ 7. ಯಾವ ಪೂರ್ಣಸಂಖ್ಯೆಯ ವರ್ಗವನ್ನೇ ತಗೊಳ್ಳಿ, 8ರಿಂದ ಭಾಗಿಸಿದಾಗ ಶೇಷ 0, 1 ಅಥವಾ 4, ಬೇರೆ ಬರಲ್ಲ. ಈ ಮೂರರಲ್ಲಿ ಯಾವ ಮೂರನ್ನು ಕೂಡಿದರೂ (ಒಂದನ್ನೇ ಎರಡು ಮೂರು ಸಲ ತಗೊಂಡರೂ ಸರಿ, 8 ದಾಟಿದರೆ 8 ಕಳೆದುಬಿಡಿ) 7 ಮಾತ್ರ ಸಿಗಲ್ಲ, ಒಮ್ಮೆ ಕೈಯಲ್ಲೇ ಮಾಡಿ ನೋಡಿ. ಅಂದರೆ 12,34,567ನ್ನು ಎರಡು ವರ್ಗಗಳ ಮೊತ್ತವಾಗಿಯೂ ಬರೆಯೋಕಾಗಲ್ಲ, ಮೂರರ ಮೊತ್ತವಾಗಿಯೂ ಆಗಲ್ಲ. ನಾಲ್ಕು ಬೇಕೇ ಬೇಕು. ಎಷ್ಟೇ ದೊಡ್ಡ ಸಂಖ್ಯೆಯಾದರೂ ನಾಲ್ಕು ವರ್ಗ ಸಾಕು ಅಂತ ಗಣಿತಜ್ಞ ಲಗ್ರಾಂಜ್ 1770ರಲ್ಲೇ ಸಾಧಿಸಿ ತೋರಿಸಿದ್ದ, ಹಾಗಾಗಿ ಉತ್ತರ ಇದ್ದೇ ಇದೆ, ಹುಡುಕಬೇಕು ಅಷ್ಟೆ. 1111ರ ವರ್ಗ 12,34,321. ಉಳಿಯೋದು 246, ಅದು 14, 7 ಮತ್ತು 1ರ ವರ್ಗಗಳ ಮೊತ್ತ.